ಸಮಪಾಲು ಮಾಡಿದವರು

ನಮ್ಮ ಸರ್ ಮನೆಯ ಅಡುಗೆ ಬಿಟ್ಟು ಬೇರೆ ಏನನ್ನೂ ತಿನ್ನುತ್ತಿರಲಿಲ್ಲ. ವೆಸ್ಟ್ ಮಾಂಬಲಂನ ಹಳೆಯ ಮಾಧ್ವರ ಮನೆಗಳಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಆದರೆ ಅವರು ಕೆಲಸ ಮಾಡುತ್ತಿದ್ದುದು ಹೋಟೆಲ್ ಕಂಪನಿಯಲ್ಲಿ. ಅದೂ ಆ ಕಂಪನಿ ಮುಂದೆ ಯಾವ ದಾರಿ ಹಿಡಿಯಬೇಕು, ಎದುರಾಳಿಗಳನ್ನು ಹೇಗೆ ಹಿಂದೆ ಹಾಕಬೇಕು ಎಂದು ಯೋಚಿಸುವ ಜಾಗದಲ್ಲಿ. ಅವರ ಬಾಗಿಲ ಮೇಲೆ ಸ್ಟ್ರಾಟಜಿ ಎಂಬ ಫಲಕವಿತ್ತು. ತ್ರಿಪ್ಲಿಕೇನಿನ ನಮ್ಮ ಹೋಟೆಲಿನ ಸಪ್ಲೈಯರುಗಳು ಅದನ್ನು ತಮಿಳಿನಲ್ಲಿ ‘ಯೋಸನೈ ರೂಮ್’ ಎನ್ನುತ್ತಿದ್ದರು. ಯೋಚನೆ ಮಾಡುವುದಕ್ಕೂ ಒಂದು ಕೋಣೆ, ಅದಕ್ಕೂ ಒಂದು ಸಂಬಳ ಎಂಬುದು ಅವರಿಗೆ ಕೊನೆಯವರೆಗೂ ತಮಾಷೆಯಾಗಿಯೇ ಉಳಿಯಿತು.

ನಾನು ದಾವಣಗೆರೆಯವಳು. ಎಂಬಿಎ ಮುಗಿಸಿ, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಚೆನ್ನೈಗೆ ಬಂದವಳು. ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನನ್ನು ಬೇರೆ ಕಂಪನಿಯ ಹೋಟೆಲೊಂದಕ್ಕೆ ಕರೆದುಕೊಂಡು ಹೋದರು. ಇಡ್ಲಿ, ಮಸಾಲೆ ದೋಸೆ ತರಿಸಿದರು. ತಟ್ಟೆಯನ್ನು ತಮ್ಮ ಮುಂದೆ ಇಟ್ಟುಕೊಂಡು ಬಾಗಿ ನೋಡಿದರು, ಮೂಸಿದರು, ಆಮೇಲೆ ಎರಡೂ ತಟ್ಟೆಗಳನ್ನು ನನ್ನ ಕಡೆಗೆ ಸರಿಸಿದರು. ‘ತಿನ್ನಮ್ಮಾ, ತಿಂದು ಹೇಳು’ ಎಂದರು. ನನ್ನ ನಾಲಗೆಯನ್ನು ಕಂಪನಿ ಬಾಡಿಗೆಗೆ ತೆಗೆದುಕೊಂಡಿದೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ.

ಹೀಗೆ ಊರಿನ ಹೋಟೆಲುಗಳನ್ನೆಲ್ಲ ಸುತ್ತಿದೆವು. ನೋಡಿದವರು ನಮ್ಮನ್ನು ಅಪ್ಪ ಮಗಳು ಎಂದುಕೊಳ್ಳುತ್ತಿದ್ದರು. ಮಗಳು ಮುಕ್ಕುತ್ತಿದ್ದಾಳೆ, ಅಪ್ಪ ಸುಮ್ಮನೆ ನೀರು ಕೂಡ ಮುಟ್ಟದೆ ಕೂತಿದ್ದಾನೆ ಎಂದು ಒಬ್ಬ ಸಪ್ಲೈಯರಿಗೆ ಕರುಳು ಚುರ್ ಎಂದಿರಬೇಕು. ಅಪ್ಪನಿಗೆ ಶುಗರ್ರಾ ಎಂದು ನನ್ನನ್ನು ಕೇಳಿದ. ಸರ್ ತಾವೇ ‘ಆಮಾಂ’, ಹೌದು, ಎಂದುಬಿಟ್ಟರು. ಹೊರಗೆ ಬಂದ ಮೇಲೆ, ಯಾಕೆ ಸರ್ ಸುಳ್ಳು ಹೇಳಿದಿರಿ ಎಂದರೆ, ಶುಗರ್ ಇರುವುದು ನಿಜವೇ, ಅದಕ್ಕೇ ತಿನ್ನಲಿಲ್ಲ ಎಂದು ತಾನೆಲ್ಲಿ ಹೇಳಿದೆ ಎಂದು ಗಂಭೀರವಾಗಿ ವಾದಿಸಿದರು.

ಅವರು ರುಚಿಯನ್ನು ಕೇಳುತ್ತಿದ್ದುದು ಕಡಿಮೆ. ಚಟ್ನಿ ಮುಗಿದಾಗ ನೀನು ತಲೆ ಎತ್ತಿ ಹುಡುಕಬೇಕಾಯಿತೋ, ಇಲ್ಲ ಅವನೇ ಬಂದನೋ? ಅರ್ಧ ದೋಸೆ ಆದಮೇಲೆ ಫೋನ್ ತೆಗೆದೆಯಲ್ಲ, ಯಾಕೆ? ಪಕ್ಕದ ಟೇಬಲ್ಲಿನವರು ಬಿಟ್ಟು ಹೋದದ್ದು ಏನು? ಹೀಗೆ ಕೇಳುತ್ತ ಹೋಗುವರು. ಮಧ್ಯಾಹ್ನದ ಹೊತ್ತಿಗೆ ನನಗೆ ಹೊಟ್ಟೆ ಬಿರಿದು ತೂಕಡಿಕೆ. ಅವರು ಯೋಚನೆ ರೂಮಿನ ಬಾಗಿಲು ಹಾಕಿಕೊಂಡು, ಮನೆಯಿಂದ ತಂದ ಮೊಸರನ್ನದ ಡಬ್ಬಿ ಬಿಚ್ಚಿ, ಸದ್ದಿಲ್ಲದೆ ಉಂಡು ಮುಗಿಸುತ್ತಿದ್ದರು. ಆ ಕೆಲಸದಲ್ಲಿ ಇದ್ದಷ್ಟು ದಿನ ನನ್ನ ಬ್ಲೌಸುಗಳನ್ನು ಬಿಚ್ಚಿ ಹೊಲಿಸಿದ್ದೇ ಹೊಲಿಸಿದ್ದು.

ಕಂಪನಿ ಅಣ್ಣ ತಮ್ಮಂದಿರದು. ಅವರ ತಂದೆ ಉಡುಪಿಯ ಕಡೆಯಿಂದ ಬಂದು ತ್ರಿಪ್ಲಿಕೇನಿನ ಲಾಡ್ಜುಗಳ ಬೀದಿಯಲ್ಲಿ ಮೊದಲ ಹೋಟೆಲ್ ತೆರೆದವರು. ಮಾಂಬಲಂನಲ್ಲಿ ಒಂದು, ಬೇರೆ ಕಡೆ ಒಂದೆರಡು, ಎಣ್ಣೂರಿನ ಒಂದು ಕಾರ್ಖಾನೆಯ ಕ್ಯಾಂಟೀನ್, ಇಷ್ಟು ಬೆಳೆಸಿದ್ದರು. ಮಕ್ಕಳನ್ನು ಎಲ್ಲರೂ ದೊಡ್ಡ ಧಣಿ, ಸಣ್ಣ ಧಣಿ ಎನ್ನುತ್ತಿದ್ದರು. ದೊಡ್ಡವರಿಗೆ ಅಡುಗೆಮನೆ ಎಂದರೆ ಪ್ರಾಣ. ಸಣ್ಣವರಿಗೆ ಗಿರಾಕಿ ಎಂದರೆ ಪ್ರಾಣ, ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಮಾತಾಡಿಸುವರು. ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ಹೋಟೆಲಿನವನಾಗುತ್ತಾನೆ ಎಂದು ಸರ್ ಹೇಳುತ್ತಿದ್ದರು.

ಗಾಜಿನ ಬಾಗಿಲಿನ, ಏಸಿ ಹಾಕಿದ ಹೊಸ ಹೋಟೆಲುಗಳು ಒಂದರ ಹಿಂದೊಂದು ಬಂದು, ಫೋನಿನಲ್ಲೇ ಊಟ ತರಿಸಿಕೊಳ್ಳುವ ಕಾಲ ಶುರುವಾದಾಗ ತಂದೆ ಹೆದರಿ ಸರ್ ಅವರನ್ನು ಕರೆಸಿದ್ದರು. ಅದಕ್ಕೆ ಮೊದಲು ಅವರು ಯಾವುದೋ ದೊಡ್ಡ ಕಾರ್ಖಾನೆಯಲ್ಲಿ ಇದೇ ಬಗೆಯ ಕೆಲಸದಲ್ಲಿದ್ದರಂತೆ. ನಾನು ಸೇರಿದ ಹೊಸತರಲ್ಲಿ ಓದಿದ್ದನ್ನೆಲ್ಲ ನೆನೆದು, ಬಾಣಗಳು, ಚೌಕಗಳು ಇರುವ ಬಣ್ಣದ ಚಿತ್ರಗಳನ್ನು ಮಾಡಿಕೊಂಡು ಹೋಗುತ್ತಿದ್ದೆ. ಅವರು ಸಮಾಧಾನವಾಗಿ ನೋಡಿ ಪಕ್ಕಕ್ಕೆ ಇಡುವರು. ಅವರದು ಯಾವಾಗಲೂ ಒಂದೇ ಪ್ರಶ್ನೆ: ‘ಎದುರುಗಡೆಯವನು ನಮ್ಮಿಂದ ಏನನ್ನ ಎತ್ಕೊಂಡು ಹೋಗಕ್ಕಾಗಲ್ಲ, ಅದನ್ನ ಹೇಳು.’

ನಾನು ಒಂದೊಂದನ್ನೇ ಲೆಕ್ಕ ಹಾಕುತ್ತಿದ್ದೆ. ಅಡುಗೆಯವರನ್ನು ಹೆಚ್ಚು ಸಂಬಳ ಕೊಟ್ಟು ಕರೆದುಕೊಳ್ಳಬಹುದು, ಮೆನುವನ್ನು ಹಾಗೇ ಇಳಿಸಬಹುದು, ಬೋರ್ಡಿನ ಅಕ್ಷರವನ್ನೂ ನಕಲು ಮಾಡಬಹುದು. ನಮ್ಮ ಎದುರಿನ ಹೋಟೆಲಿನವನು ಇಷ್ಟನ್ನೂ ಮಾಡಿದ್ದ. ಸರ್ ಕಂಡುಕೊಂಡ ಉತ್ತರ ಇಡ್ಲಿ ಹಿಟ್ಟಿನಲ್ಲಿತ್ತು. ನಮ್ಮ ಒಂದೊಂದು ಹೋಟೆಲಿನ ಇಡ್ಲಿ ಒಂದೊಂದು ಥರ ಇತ್ತು, ಒಂದೇ ಹೋಟೆಲಿನಲ್ಲೂ ಸೋಮವಾರದ್ದು ಮಂಗಳವಾರ ಇರುತ್ತಿರಲಿಲ್ಲ. ಈ ಊರಿನ ಬಿಸಿಲಿನಲ್ಲಿ, ಎಲ್ಲ ಕಡೆಯೂ, ಎಲ್ಲ ದಿನವೂ ಒಂದೇ ಥರದ ಇಡ್ಲಿ ಕೊಡುವುದು ಯಾರಿಗೂ ಆಗಿರಲಿಲ್ಲ. ಅದನ್ನು ಮಾಡಿದವನು ಗೆಲ್ಲುತ್ತಾನೆ ಎಂದರು.

ಮಾಧವರಂ ಕಡೆ ಒಂದು ಶೆಡ್ಡು ಹಿಡಿದು, ಎಲ್ಲ ಹೋಟೆಲುಗಳಿಗೂ ಒಂದೇ ಕಡೆ ರುಬ್ಬುವ ಕಿಚನ್ ಶುರುವಾಯಿತು. ಮೊದಲ ಬೇಸಿಗೆಯಲ್ಲಿ ಹಿಟ್ಟು ವ್ಯಾನಿನಲ್ಲೇ ಉಬ್ಬಿ, ಡ್ರಮ್ಮಿನ ಮುಚ್ಚಳ ಎಬ್ಬಿಸಿಕೊಂಡು ಹೊರಗೆ ಬರುತ್ತಿತ್ತು. ಸರ್ ಡ್ರೈವರಿನ ಪಕ್ಕ ಕೂತು ಅದರ ಜೊತೆಗೇ ಓಡಾಡಿದರು. ಕೊನೆಗೆ ರುಬ್ಬಿದ ಕೂಡಲೇ ತಣ್ಣಗೆ ಮಾಡಿ ಕಳಿಸಿ, ಹೋಟೆಲಿಗೆ ಬಂದಮೇಲೆ ಹುದುಗಲು ಬಿಡುವ ಕ್ರಮ ಕೈಗೆ ಹತ್ತಿತು. ‘ಹಿಟ್ಟು ಮಲಗಿಕೊಂಡು ಬರ್ಬೇಕು, ಅಂಗಡಿಗೆ ಬಂದು ಏಳ್ಬೇಕು’ ಎಂದು ಅವರು ಹೇಳುತ್ತಿದ್ದ ಮಾತು ವ್ಯಾನಿನವರ ಬಾಯಿಗೂ ಬಂತು. ತಾವು ಒಂದು ತುತ್ತೂ ತಿನ್ನದ ಇಡ್ಲಿಗಾಗಿ ಇಷ್ಟು ಒದ್ದಾಡಿದ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಅದು ಗೆದ್ದಿತು. ಸಣ್ಣ ಧಣಿಯ ಬಾಗಿಲಲ್ಲಿ ಬೆಳಗ್ಗೆ ಜನ ಕಾದು ನಿಲ್ಲುವಂತಾಯಿತು. ಎದುರಿನವನು ನಮ್ಮ ಅಡುಗೆಯವನೊಬ್ಬನನ್ನು ಎಳೆದುಕೊಂಡ, ಅವನಿಂದ ಏನೂ ಆಗಲಿಲ್ಲ. ಒಬ್ಬ ಅಡುಗೆಯವನಲ್ಲಿ ಇರುವ ವಿದ್ಯೆಯಾಗಿರಲಿಲ್ಲ ಅದು. ಕಿಚನ್, ವ್ಯಾನು, ಹೋಟೆಲು ಮೂರೂ ಸೇರಿ ಆಗಿದ್ದ ವಿದ್ಯೆ. ನಾವೆಲ್ಲ ಕುಣಿದಾಡುತ್ತಿದ್ದರೆ ಸರ್ ಮಾತ್ರ ಕನ್ನಡಕ ತೆಗೆದು, ಹೆಬ್ಬೆರಳಿನಿಂದ ರೆಪ್ಪೆ ಒತ್ತಿಕೊಳ್ಳುತ್ತ ಕೂತಿರುತ್ತಿದ್ದರು. ಅವರಿಗೆ ಗೆದ್ದಾಗಲೂ ಸುಸ್ತೇ. ಗೆದ್ದದ್ದನ್ನು ಕಾಯಬೇಕಲ್ಲಮ್ಮಾ, ಅದು ಇನ್ನೂ ದೊಡ್ಡ ಕಷ್ಟ ಎನ್ನುತ್ತಿದ್ದರು.

ಆಮೇಲೆ ಧಣಿಗಳ ತಂದೆ ತೀರಿಕೊಂಡರು. ತ್ರಿಪ್ಲಿಕೇನಿನ ಹೋಟೆಲಿನ ಗಲ್ಲಾದಲ್ಲಿ ಬೆಳಗ್ಗೆ ಬಾಗಿಲು ತೆರೆದಾಗ ಕೂರುತ್ತಿದ್ದವರು ಅವರು. ಮುಂದೆ ಅಲ್ಲಿ ಯಾರು ಕೂರಬೇಕು ಎಂಬಲ್ಲಿಂದ ಅಣ್ಣ ತಮ್ಮಂದಿರ ಜಗಳ ಹೊತ್ತಿಕೊಂಡಿತು. ಹಿರಿಯನು ತಾನು ಎಂದು ದೊಡ್ಡವರು, ಆ ಹೋಟೆಲ್ ನೋಡಿಕೊಳ್ಳುತ್ತಿರುವವನು ತಾನು ಎಂದು ಸಣ್ಣವರು. ಒಂದು ಕುರ್ಚಿಗೆ ಹುಟ್ಟಿದ ಮಾತು ಹೆಂಡಂದಿರ ತನಕ, ಊರಿನ ಮನೆಯ ತನಕ ಹೋಯಿತು. ವರ್ಷ ತಿರುಗುವುದರೊಳಗೆ ಪಾಲಾಗುವುದೆಂದು ತೀರ್ಮಾನವಾಯಿತು.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತಂತೆ. ಇಬ್ಬರಿಗೂ ನಂಬಿಕೆಯಿರುವ ಹೊರಗಿನವರೊಬ್ಬರು ಆಸ್ತಿಯನ್ನು ಎರಡು ಸಮಪಾಲು ಮಾಡಬೇಕು, ದೇವರ ಮುಂದೆ ಕಿರಿಯವನು ಮೊದಲು ಆರಿಸಿಕೊಳ್ಳಬೇಕು, ಉಳಿದದ್ದು ಹಿರಿಯನಿಗೆ. ಆಮೇಲೆ ಯಾರೂ ಎತ್ತಿ ಆಡುವಂತಿಲ್ಲ. ಪಾಲು ಮಾಡಿಕೊಡಲು ಇಬ್ಬರೂ ಬಂದು ಕೇಳಿದ್ದು ಸರ್ ಅವರನ್ನೇ. ಅಷ್ಟು ವರ್ಷ ಹರಿದು ಹಂಚಿಹೋಗಿದ್ದದ್ದನ್ನು ಒಂದು ಮಾಡಿದವರಿಗೇ ಅದನ್ನು ಎರಡು ಮಾಡುವ ಕೆಲಸ ಬಿತ್ತು. ಅವರು ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ, ಒಪ್ಪಿಕೊಂಡರು.

ಯಾಕೆಂದು ತಿಳಿದದ್ದು ಒಂದು ಭಾನುವಾರ ಅವರ ಮನೆಗೆ ಹೋದಾಗ. ಮಾಂಬಲಂ ಸ್ಟೇಷನ್ನಿನ ಹಿಂದಿನ ಸಣ್ಣ ಫ್ಲಾಟು. ಅವರ ಹೆಂಡತಿಯನ್ನು ನಾನು ಮಾಮಿ ಎನ್ನುತ್ತಿದ್ದೆ. ಮಾಮಿ ಕಾಫಿ ತಂದಿಟ್ಟರು. ಸರ್ ಮುಖದಲ್ಲಿ ನಾನೆಂದೂ ನೋಡಿರದ ಹುರುಪಿತ್ತು. ಮಾಡಿಟ್ಟ ಪಾಲುಗಳನ್ನು ವಿವರಿಸಿದರು. ಒಂದು ಪಾಲಿಗೆ ಮಾಧವರಂ ಕಿಚನ್, ವ್ಯಾನುಗಳು, ಎಣ್ಣೂರಿನ ಕ್ಯಾಂಟೀನ್. ಇನ್ನೊಂದಕ್ಕೆ ಹೋಟೆಲುಗಳು ಮತ್ತು ತಂದೆಯ ಕಾಲದ ಹೆಸರು. ಬೆಲೆ ಕಟ್ಟಿದರೆ ಎರಡೂ ಸಮ, ತಕ್ಕಡಿ ಹಿಡಿದ ಹಾಗೆ. ಆದರೆ ಕಿಚನ್ ಇಲ್ಲದೆ ಹೋಟೆಲಿಗೆ ಇಡ್ಲಿ ಇಲ್ಲ, ಹೋಟೆಲ್ ಇಲ್ಲದೆ ಕಿಚನ್ನಿಗೆ ಗಿರಾಕಿ ಇಲ್ಲ. ಕಾಗದದ ಮೇಲೆ ಬೇರೆಯಾಗುತ್ತಾರೆ, ದಿನ ಬೆಳಗಾದರೆ ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕು.

‘ಯಾರಾದ್ರೂ ತನ್ನ ಲಾಭಕ್ಕೆ ತಾನೇ ಕಲ್ಲು ಹಾಕ್ಕೋತಾರಾ? ಹಾಕ್ಕೊಳಲ್ಲ. ಆರು ತಿಂಗಳು ಮುಖ ತಿರುಗಿಸ್ಕೊಂಡಿರ್ತಾರೆ, ಆಮೇಲೆ ತಾವೇ ಸೇರ್ಕೋತಾರೆ’ ಎಂದರು.

ನನಗೂ ಅದು ಬಹಳ ಬುದ್ಧಿವಂತಿಕೆಯ ಉಪಾಯವೆಂದೇ ಕಂಡಿತು. ಕಂಪನಿ ಒಂದಾಗಿ ಉಳಿಯಲು ಬೇರೆ ದಾರಿಯೂ ಇರಲಿಲ್ಲ. ಮಾಮಿಯ ಚಿಂತೆ ಬೇರೆ ಇತ್ತು. ಪಾಲಾದ ಮೇಲೆ ನೀವು ಯಾರ ಕಡೆ ಎಂದು ಕೇಳಿದರು. ಎರಡೂ ಕಡೆ ಎಂದರು ಸರ್. ಅದು ಹೇಗಾಗತ್ತೆ ಎಂದು ಮಾಮಿ ಗೊಣಗಿಕೊಂಡು ಲೋಟ ಎತ್ತಿಕೊಂಡು ಒಳಗೆ ಹೋದರು.

ಸಣ್ಣ ಧಣಿ ಹೋಟೆಲುಗಳನ್ನು ಆರಿಸಿಕೊಂಡರು. ಕಿಚನ್ ದೊಡ್ಡವರಿಗೆ ಬಂತು. ಒಬ್ಬೊಬ್ಬರಿಗೆ ಅವರವರ ಪ್ರಾಣವೇ ಸಿಕ್ಕಿತ್ತು, ಸಂತೋಷಪಡಬೇಕಿತ್ತು. ಆದರೆ ಅಪ್ಪನ ಹೆಸರು ತಮ್ಮನಿಗೆ ಹೋಗುವಂತೆ ಸರ್ ಮಸಲತ್ತು ಮಾಡಿದರು ಎಂದು ದೊಡ್ಡವರು ಹೇಳಿಕೊಂಡು ತಿರುಗಿದರು. ತನ್ನ ಜುಟ್ಟನ್ನು ಅಣ್ಣನ ಕೈಗೆ ಕೊಟ್ಟರು ಎಂದು ಸಣ್ಣವರು ಹೇಳಿಕೊಂಡು ತಿರುಗಿದರು. ಒಬ್ಬರ ಮುಖ ಒಬ್ಬರು ನೋಡದ ಅಣ್ಣ ತಮ್ಮಂದಿರು ಈ ಒಂದು ವಿಷಯದಲ್ಲಿ ಮಾತ್ರ ಒಂದಾದರು. ಯೋಚನೆ ರೂಮು ಯಾರ ಪಾಲಿಗೂ ಸೇರಿರಲಿಲ್ಲ, ಯಾರಿಗೂ ಬೇಕಾಗಲೂ ಇಲ್ಲ. ಸರ್ ತಮ್ಮ ಮೊಸರನ್ನದ ಡಬ್ಬಿ ಎತ್ತಿಕೊಂಡು ಮನೆಗೆ ನಡೆದರು. ನಾನೂ ಗಿಂಡಿ ಏರಿಯಾದ ಕಂಪನಿಯೊಂದರಲ್ಲಿ ಬೇರೆ ಕೆಲಸ ಹುಡುಕಿಕೊಂಡೆ.

ಸ್ವಲ್ಪ ದಿನ ಹಿಟ್ಟು ಬಂತಂತೆ. ಆಮೇಲೆ ವ್ಯಾನು ತಡವಾಗತೊಡಗಿತು. ತಡವಾಯಿತೆಂದು ಸಣ್ಣವರು ಡ್ರಮ್ಮುಗಳನ್ನು ವಾಪಸು ಕಳಿಸಿದರು. ವಾಪಸು ಬಂತೆಂದು ದೊಡ್ಡವರು ಕಳಿಸುವುದನ್ನೇ ನಿಲ್ಲಿಸಿದರು. ಸಣ್ಣವರು ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಹಿಟ್ಟು ತರಿಸತೊಡಗಿದರು. ಇದಿಷ್ಟನ್ನೂ ನಾನು ಅವರಿವರಿಂದ ಕೇಳಿ ತಿಳಿದು, ಆದರೂ ಹೇಗೋ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಒಂದು ದಿನ ಸರ್ ಫೋನ್ ಮಾಡಿ, ತ್ರಿಪ್ಲಿಕೇನಿಗೆ ಬರುತ್ತೀಯಾಮ್ಮಾ ಎಂದರು. ಕರೆದುಕೊಂಡು ಹೋದದ್ದು ನಮ್ಮ ಹೋಟೆಲಿಗಲ್ಲ, ಎದುರಿನವನ ಹೋಟೆಲಿಗೆ. ಅಲ್ಲಿ ಕೂರಲು ಜಾಗವಿರಲಿಲ್ಲ, ಕಾದು ಕೂತೆವು. ಇಡ್ಲಿ ಬಂತು. ಅವರು ಮೊದಲಿನ ಹಾಗೆ ಬಾಗಿ ನೋಡಲಿಲ್ಲ, ಮೂಸಲಿಲ್ಲ. ತಟ್ಟೆಯನ್ನು ನೇರ ನನ್ನ ಮುಂದೆ ತಳ್ಳಿದರು. ನಾನು ಒಂದು ಚೂರು ಮುರಿದು ಬಾಯಿಗಿಟ್ಟೆ. ನಾಲಗೆಗೆ ಅದರ ಗುರುತು ಹತ್ತಲು ಎಷ್ಟು ಹೊತ್ತು ಬೇಕು?

‘ಸರ್, ಇದು ನಮ್ದು.’

ಅವರು ತಲೆಯಾಡಿಸಿದರು. ದೊಡ್ಡ ಧಣಿ ಕಿಚನ್ ಉಳಿಸಿಕೊಳ್ಳಲು ಎದುರಿನವನಿಗೇ ಹಿಟ್ಟು ಕೊಡಲು ಒಪ್ಪಿದ್ದಾರೆ ಎಂದು ಅವರ ಕಿವಿಗೆ ಬಿದ್ದಿತ್ತಂತೆ. ನಂಬಲಾಗದೆ ನನ್ನನ್ನು ಕರೆಸಿದ್ದರು. ಅಷ್ಟು ವರ್ಷ ಆ ಮನುಷ್ಯ ತಲೆಕೆಳಗಾಗಿ ನಿಂತರೂ ಕದಿಯಲಾಗದ್ದನ್ನು ನಾವೇ ದಿನಾ ಬೆಳಗ್ಗೆ ವ್ಯಾನಿನಲ್ಲಿ ಹಾಕಿ ಅವನ ಬಾಗಿಲಿಗೆ ಮುಟ್ಟಿಸುತ್ತಿದ್ದೆವು. ರಸ್ತೆಯ ಆಚೆ ನಮ್ಮ ಹೋಟೆಲಿನ ಬಾಗಿಲಲ್ಲಿ ಸಣ್ಣ ಧಣಿ ಒಬ್ಬರೇ ನಿಂತಿದ್ದದ್ದು ಗಾಜಿನಲ್ಲಿ ಕಾಣುತ್ತಿತ್ತು. ನಾನು ತಟ್ಟೆ ಸರಿಸಿದೆ. ಅಷ್ಟು ವರ್ಷದಲ್ಲಿ ತಟ್ಟೆಯಲ್ಲಿ ಬಿಟ್ಟು ಎದ್ದದ್ದು ಅದೊಂದೇ ಸಲ.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವರು ತಮ್ಮಷ್ಟಕ್ಕೆ ಎನ್ನುವಂತೆ ಹೇಳಿದರು. ‘ಊರಲ್ಲಿರೋ ಹೋಟೆಲ್‌ನವರನ್ನೆಲ್ಲ ಎದುರಾಳಿ ಅಂತ ಲೆಕ್ಕಕ್ಕೆ ತೊಗೊಂಡೆ. ಈ ಇಬ್ಬರನ್ನ ಬಿಟ್ಬಿಟ್ಟೆ ನೋಡು.’

ಆಮೇಲೆ ಅವರು ಆ ಬೀದಿಗೆ ಹೋಗಲಿಲ್ಲ. ನಾನು ವರ್ಷಕ್ಕೊಮ್ಮೆಯೋ ಎರಡು ಸಲವೋ ಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಗಿಂಡಿಯಲ್ಲಿ ನಾನೂ ಈಗ ಮಾಡುವುದು ಇದೇ ಕೆಲಸ. ದೊಡ್ಡ ಪರದೆಯ ಮೇಲೆ ಚೌಕಗಳು, ಬಾಣಗಳು. ಮೂರು ವರ್ಷದ ಯೋಜನೆ, ಐದು ವರ್ಷದ ಯೋಜನೆ. ನಮ್ಮನ್ನು ಬೇರೆಯವರಿಂದ ಬೇರೆ ಮಾಡುವುದೇನು ಎಂಬ ಪುಟ ಬಂದಾಗಲೆಲ್ಲ ಕೋಣೆಯಲ್ಲಿ ಕೂತ ಮೇಲಧಿಕಾರಿಗಳ ಮುಖಗಳನ್ನು ನೋಡುತ್ತೇನೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಕುರ್ಚಿಯ ಮೇಲೆ ಯಾರ ಕಣ್ಣಿದೆ ಎಂಬುದು ಯಾವ ಚೌಕದಲ್ಲೂ ಇರುವುದಿಲ್ಲ. ಕೇಳಿದರೆ ನಗುತ್ತಾರೆ. ನನಗೂ ಈಗ ಕೇಳಿ ಕೇಳಿ ಸಾಕಾಗಿದೆ, ಚೌಕಗಳನ್ನು ತುಂಬಿಕೊಟ್ಟು ಮನೆಗೆ ಹೋಗುತ್ತೇನೆ.

ಕಳೆದ ತಿಂಗಳು ಸರ್ ತೀರಿಕೊಂಡರು. ಶುಗರ್ ಮೂತ್ರಪಿಂಡಕ್ಕೆ ಇಳಿದಿತ್ತು. ಹದಿಮೂರನೆಯ ದಿನದ ಊಟಕ್ಕೆ ಬಾ ಎಂದು ಮಾಮಿಯೇ ಫೋನ್ ಮಾಡಿದರು. ಬೇಗ ಬಾ, ಸ್ವಲ್ಪ ಕೆಲಸವಿದೆ ಎಂದರು. ಮಾಂಬಲಂನಲ್ಲಿ ಇಂಥ ಕಾರ್ಯಗಳಿಗೆಂದೇ ಇರುವ ಒಂದು ಹಾಲ್. ಅಡುಗೆಮನೆಯ ಬಾಗಿಲ ಪಕ್ಕ ಕೂತಿದ್ದ ಮಾಮಿ ನನ್ನನ್ನು ಹತ್ತಿರ ಕರೆದು, ಧಣಿಗಳಿಬ್ಬರೂ ಬರುತ್ತಾರೆ, ಇಬ್ಬರನ್ನೂ ಪಕ್ಕ ಪಕ್ಕ ಕೂರಿಸಬೇಕು ಎಂದರು. ನಾನು ಗಾಬರಿಯಾದೆ.

‘ಅವ್ರೇ ಹೇಳಿ ಹೋಗಿದಾರೆ. ಆಸ್ಪತ್ರೇಲಿ ಹೇಳಿದ್ರು. ಅವ್ರ ಹದಿಮೂರಕ್ಕೆ ಇಬ್ಬರೂ ಬಂದೇ ಬರ್ತಾರೆ, ಬರ್ದೆ ಇರಕ್ಕಾಗಲ್ಲ. ಒಂದೇ ಪಂಕ್ತೀಲಿ ಕೂರ್ಸು, ಆಗ ಅರ್ಧಕ್ಕೆ ಏಳಕ್ಕಾಗಲ್ಲ ಅಂದ್ರು.’

ನನಗೆ ಅಳು ಬಂತು. ಅದು ಅವರ ಕೊನೆಯ ಪ್ಲಾನು. ಪಂಕ್ತಿಯಲ್ಲಿ ಕೂತಮೇಲೆ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ಮದರಾಸಿನಲ್ಲಿ ಆ ಅಣ್ಣ ತಮ್ಮಂದಿರು ಎದ್ದು ಹೋಗಲಾಗದೆ ಅಕ್ಕಪಕ್ಕ ಕೂರಬೇಕಾದ ಜಾಗ ಇನ್ನೆಲ್ಲೂ ಉಳಿದಿರಲಿಲ್ಲ. ಸಮಯವೂ ಹೆಚ್ಚು ಉಳಿದಿರಲಿಲ್ಲ. ತ್ರಿಪ್ಲಿಕೇನಿನ ಹೋಟೆಲನ್ನು ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಕೊಡುವ ಮಾತು ಆ ವಾರವೇ ಮುಗಿಯುವುದರಲ್ಲಿತ್ತು. ಎದುರಿನವನು ಸ್ವಂತ ಕಿಚನ್ ಕಟ್ಟಿಕೊಂಡು, ದೊಡ್ಡವರ ಹಿಟ್ಟು ಸಾಕೆಂದಿದ್ದ. ಈಗ ಇಬ್ಬರಿಗೂ ಇನ್ನೊಬ್ಬರು ಬೇಕಾಗಿತ್ತು, ಸರ್ ಲೆಕ್ಕ ಹಾಕಿದ್ದ ಹಾಗೆಯೇ.

ಮೊದಲು ದೊಡ್ಡವರು ಬಂದರು, ಆಮೇಲೆ ಸಣ್ಣವರು. ತುಂಬ ಇಳಿದುಹೋಗಿದ್ದರು ಇಬ್ಬರೂ. ನಾನು ಕೈಮುಗಿದು, ಇಲ್ಲಿ ಬನ್ನಿ, ಇಲ್ಲಿ ಬನ್ನಿ ಎನ್ನುತ್ತ ಇಬ್ಬರನ್ನೂ ಖಾಲಿ ಬಿಟ್ಟಿದ್ದ ಎರಡು ಎಲೆಗಳಿಗೆ ಕರೆತಂದೆ. ಸಾವಿನ ಮನೆಯ ಊಟ, ಇಬ್ಬರೂ ಮರುಮಾತಾಡದೆ ಕೂತರು. ಮಾಮಿ ಮತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆವು.

ಸಾರನ್ನ ಮುಗಿಯಿತು. ಎರಡನೆಯ ಸಲ ಅನ್ನ ಬಡಿಸಿದರು. ಹುಳಿ ಬಡಿಸುವವನು ಆಚೆ ಪಂಕ್ತಿಯಲ್ಲಿ ಎಲ್ಲೋ ನಿಂತುಬಿಟ್ಟ. ಸಣ್ಣವರು ಬರಿಯ ಅನ್ನದ ಮುಂದೆ ತಲೆ ಬಗ್ಗಿಸಿ ಕೂತಿದ್ದರು. ದೊಡ್ಡವರು ಓರೆಗಣ್ಣಿನಲ್ಲಿ ಆ ಎಲೆಯನ್ನು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು. ಆಮೇಲೆ ಹುಟ್ಟಿದಾಗಿನಿಂದ ಹೋಟೆಲ್ ನಡೆಸಿದ ದನಿಯಲ್ಲಿ ಕೂಗಿದರು.

‘ಇಲ್ಲಿ ಹುಳಿ ತನ್ನಿ ಮಾರಾಯ್ರೆ, ಇವನ ಎಲೆಯಲ್ಲಿ ಬರೀ ಅನ್ನ ಉಂಟು.’

ಮಾಮಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಡಿಸುವವನು ಬಕೆಟ್ ಹಿಡಿದು ಓಡಿ ಬಂದ. ಸೌಟು ಎಲೆಯ ಮೇಲೆ ಬರುವಷ್ಟರಲ್ಲಿ ಸಣ್ಣವರು ಎಡಗೈಯನ್ನು ಅನ್ನದ ಮೇಲೆ ಅಡ್ಡ ಹಿಡಿದರು. ಅವನು ಮುಂದಕ್ಕೆ ಹೋದಮೇಲೆ ಕೈ ತೆಗೆದು, ಆ ಬರಿಯ ಅನ್ನವನ್ನೇ ತುತ್ತು ಮಾಡಿ ತಿನ್ನತೊಡಗಿದರು. ದೊಡ್ಡವರು ತಮ್ಮ ಎಲೆಯಲ್ಲಿದ್ದದ್ದನ್ನು ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಅಗುಳೂ ಬಿಡದೆ ಸಣ್ಣವರು ತಿಂದು ಮುಗಿಸುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು, ಏಳುವಂತಿರಲಿಲ್ಲ.

ಮಾಮಿ ನನ್ನ ಮೊಣಕೈ ಬಿಟ್ಟರು.

‘ಮಜ್ಜಿಗೆ ತರಕ್ಕೆ ಹೇಳಮ್ಮಾ’ ಎಂದರು. ‘ಎದ್ದು ಹೋಗ್ಲಿ ಪಾಪ.’